ಕಟ್ಟಿಗೆಯ ಹಕ್ಕು ವಿದರ್ಭಕ್ಕಷ್ಟೇ ಸಾಕೇ?

ಅಕ್ಕಲಕೋಟ ತಾಲೂಕಿನ ಚಪಳಗಾಂವದಂಥ ಊರಿನಲ್ಲಿ, ಹೊಲವಿಲ್ಲದ ಮನೆಯ ಹೆಣ್ಣುಮಗಳು ಒಂದು ಹೊರೆ ಕಟ್ಟಿಗೆಯನ್ನು ಕಾಯ್ದೆಬದ್ಧವಾಗಿ ತರಬೇಕೆಂದರೆ ಎಲ್ಲಿಗೆ ಹೋಗಬೇಕು? ತಲಾಠಿಯನ್ನು ಕೇಳಿ, ಗ್ರಾಮಸೇವಕರನ್ನು ಕೇಳಿ, ಅರಣ್ಯ ಇಲಾಖೆಯವರನ್ನು ಕೇಳಿ. ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಆಕೆಯಂತೂ ಯಾರನ್ನೂ ಕೇಳದೆ ಕುಡಗೋಲು, ಹಗ್ಗ ಹಿಡಿದು ಹಳ್ಳದ ದಂಡೆಗೆ ಹೋಗುತ್ತಾಳೆ. ಒಲೆ ಹೊತ್ತಿಸುವುದಕ್ಕೂ ಕದ್ದವಳಂತೆ ಅತ್ತಿತ್ತ ನೋಡುತ್ತ ನಡೆಯಬೇಕಾದ ಸ್ಥಿತಿ ಒಂದು ದಿನದಲ್ಲಿ ಬಂದದ್ದಲ್ಲ.

ಸೊಲ್ಲಾಪುರ ಜಿಲ್ಲೆಯ ವಿಸ್ತೀರ್ಣ ಸುಮಾರು 14,900 ಚದರ ಕಿಲೋಮೀಟರ್. ಅದರಲ್ಲಿ ಅರಣ್ಯದ ಹೊದಿಕೆ ಶೇಕಡಾ 1ರಷ್ಟೂ ಇಲ್ಲ. ಇಲ್ಲಿ ಕಾಡು ಎಂದರೆ ಮಾಳ, ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಜಾಲಿ, ಬಾರಿಕಂಟಿ. ಹಾಗಾಗಿ ಉರುವಲು ಬರುತ್ತಿದ್ದದ್ದು ಕಾಡಿಗಿಂತ ಹೆಚ್ಚಾಗಿ ಗಾಯರಾನದಿಂದ (ಊರ ಗೋಮಾಳದಿಂದ), ಹಳ್ಳದಿಂದ, ಹೊಲದ ಬದುವಿನಿಂದ. ಬ್ರಿಟಿಷರ ಅರಣ್ಯ ಖಾತೆ ಗುಡ್ಡ, ಮಾಳ, ಗಾಯರಾನಗಳನ್ನು ನುಂಗಿ ರೈತನ ದನ ಮೇಯಿಸುವ, ಕಟ್ಟಿಗೆ ಆಯುವ ದಾರಿ ಮುಚ್ಚಿತೆಂದು ಜೋತಿಬಾ ಫುಲೆ 1883ರ ಹೊತ್ತಿಗೇ ತಮ್ಮ ‘ಶೇತಕರ್‍ಯಾಚಾ ಆಸೂಡ’ದಲ್ಲಿ ಕಿಡಿಕಾರಿದ್ದರು. ಆ ಸರ್ಕಾರ ಹೋಯಿತು. ದಾರಿ ಮಾತ್ರ ತೆರೆಯಲಿಲ್ಲ.

ತೆರೆಯಲು ಕಾಯ್ದೆಯಲ್ಲಿ ಜಾಗವಿಲ್ಲವೆಂದೇನಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆಯ 28ನೇ ಕಲಮು ಮೀಸಲು ಅರಣ್ಯವನ್ನು ‘ಗ್ರಾಮ ಅರಣ್ಯ’ವೆಂದು ಊರಿಗೆ ವಹಿಸಿಕೊಟ್ಟು, ಮರಮಟ್ಟು, ಮೇವಿನ ಷರತ್ತುಗಳನ್ನು ಬರೆಯಲು ಅವಕಾಶ ಕೊಡುತ್ತದೆ. ಇನ್ನೂ ಹತ್ತಿರದ್ದೊಂದಿದೆ. 1966ರ ಮಹಾರಾಷ್ಟ್ರ ಭೂ ಕಂದಾಯ ಸಂಹಿತೆಯಲ್ಲಿ ‘ನಿಸ್ತಾರ ಪತ್ರಕ’ಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ಊರಿನ ಖಾಲಿ ಸರ್ಕಾರಿ ಜಮೀನಿನಲ್ಲಿ ದನ ಎಲ್ಲಿ ಮೇಯಬೇಕು, ಉರುವಲನ್ನು ಯಾರು ಎಷ್ಟು ತರಬಹುದು, ಯಾವ ಷರತ್ತಿನ ಮೇಲೆ ತರಬಹುದು ಎಂಬುದನ್ನು ಜಿಲ್ಲಾಧಿಕಾರಿ ಬರೆಸಿಡಬೇಕು. ಅದಕ್ಕೆ ಮೊದಲು ಊರವರ ಅಭಿಪ್ರಾಯ ಕೇಳಬೇಕು. ಕೇಳಲು ಎಷ್ಟು ಚೆನ್ನ! ಆದರೆ ಆ ಭಾಗ ವಿದರ್ಭಕ್ಕೆ ಮಾತ್ರ. ಹಳೆಯ ಮಧ್ಯಪ್ರಾಂತ್ಯದ ಪದ್ಧತಿಯೆಂದು ಅಲ್ಲಿಗಷ್ಟೇ ಉಳಿಸಿದರು. ಮುಂಬಯಿ ಪ್ರಾಂತ್ಯದ ಕಡೆಯಿಂದ ಬಂದ ಸೊಲ್ಲಾಪುರಕ್ಕೆ, ಸಂಸ್ಥಾನವಾಗಿದ್ದು ವಿಲೀನವಾದ ಅಕ್ಕಲಕೋಟಕ್ಕೆ ಅದು ಸಿಗಲಿಲ್ಲ. ರಾಜ್ಯ ಒಂದೇ, ಒಲೆಯ ಹಕ್ಕು ಎರಡು ಬಗೆ.

2006ರ ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ ಎನ್ನಬಹುದು. ಅದು ಅರಣ್ಯಭೂಮಿಗೆ ಅನ್ವಯ, ಗಾಯರಾನಕ್ಕಲ್ಲ. ಮೇಲಾಗಿ ಆದಿವಾಸಿಗಳಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ರುಜುವಾತು ಮಾಡಬೇಕು. ಗಡಚಿರೋಲಿಯ ಮೇಂಢಾ-ಲೇಖಾ ಊರು ಅದೇ ಕಾಯ್ದೆಯಡಿ ಸುಮಾರು 1,800 ಹೆಕ್ಟೇರ್ ಕಾಡಿನ ಹಕ್ಕು ಪಡೆಯಿತು; 2011ರಲ್ಲಿ ಬಿದಿರು ಸಾಗಿಸುವ ಪಾಸನ್ನು ಗ್ರಾಮಸಭೆಯೇ ಬರೆದುಕೊಡುವಂತಾಯಿತು. ಊರೇ ಪರವಾನಗಿ ಕೊಟ್ಟರೆ ಕಾಡು ಹಾಳಾಗುತ್ತದೆ ಎನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಬರಲಿ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲೂ ಮನೆಮಂದಿ ಚೀಟಿ ಪಡೆದು ಒಣಗಿ ನಿಂತ, ಬಿದ್ದ ಮರವನ್ನು ತಾವೇ ಕಡಿದು ಒಯ್ಯುತ್ತಾರೆ.

ಗ್ಯಾಸ್ ಬಂದಮೇಲೆ ಕಟ್ಟಿಗೆಯ ಮಾತೇಕೆ ಎಂಬುದು ಅಧಿಕಾರಿಗಳ ಸಿದ್ಧ ಉತ್ತರ. 2016ರ ಉಜ್ವಲಾ ಯೋಜನೆ ಹೊಗೆಯಿಂದ ಎಷ್ಟೋ ಹೆಂಗಸರನ್ನು ಬಿಡಿಸಿದ್ದು ನಿಜ, ಅದನ್ನು ಅಲ್ಲಗಳೆಯುವ ಪೈಕಿ ನಾವಲ್ಲ. ಆದರೆ ಸರ್ಕಾರದ್ದೇ ಲೆಕ್ಕದಂತೆ 2022-23ರಲ್ಲಿ ಉಜ್ವಲಾ ಮನೆಯೊಂದು ವರ್ಷಕ್ಕೆ ತುಂಬಿಸಿಕೊಂಡ ಸಿಲಿಂಡರ್ ಸರಾಸರಿ ನಾಲ್ಕನ್ನೂ ಮುಟ್ಟಲಿಲ್ಲ. ಚಹಾ ಗ್ಯಾಸಿನ ಮೇಲೆ. ಸ್ನಾನದ ನೀರು, ರೊಟ್ಟಿ, ಮದುವೆ ಮುಂಜಿಯ ಅಡುಗೆ ಕಟ್ಟಿಗೆಯ ಮೇಲೆ.

ಆ ಕಟ್ಟಿಗೆ ಹೊಲದಿಂದಲೂ ಕಡಿಮೆಯಾಗುತ್ತಿದೆ. ತೊಗರಿ ಬೆಳೆದ ಕಡೆ ರಾಶಿ ಮುಗಿದ ಮೇಲೆ ತೊಗರಿಕಟ್ಟಿಗೆ ಉಳಿಯುತ್ತಿತ್ತು, ಕೂಲಿಗೆ ಬಂದವರಿಗೂ ಒಂದೆರಡು ಹೊರೆ ಸಿಗುತ್ತಿತ್ತು. ಸೋಯಾಬೀನ್‌ನಿಂದ ಉಳಿಯುವುದು ಹೊಟ್ಟು. ಕುರನೂರ ಧರಣದ ನೀರು ಬಂದ ಕಡೆ ಕಬ್ಬು. ಅದರ ರವದಿಯಲ್ಲಿ ರೊಟ್ಟಿ ಸುಡಲಾಗದು, ಹೊಲದಲ್ಲೇ ಬೆಂಕಿ ಇಡುತ್ತಾರೆ.

ಉಳಿದದ್ದು ಬಳ್ಳಾರಿ ಜಾಲಿ. ಮರಾಠಿಯವರ ‘ವೇಡಿ ಬಾಭೂಳ’. ಬಡವರ ಒಲೆಯನ್ನು ಇವತ್ತು ಕಾಯುತ್ತಿರುವುದು ಅದೇ, ಗಾಯರಾನವನ್ನು ಕೊಲ್ಲುತ್ತಿರುವುದೂ ಅದೇ. ಕಾಯಿ ತಿಂದ ಆಡು, ದನ ಹೋದಲ್ಲೆಲ್ಲ ಬೀಜ ಬೀಳುತ್ತದೆ. ಮೇಲೆ ಮೇಲೆ ಕಡಿದರೆ ಬುಡದಿಂದ ಹತ್ತು ಕವಲೊಡೆದು ಹುಲ್ಲಿಗೆ ಜಾಗವೇ ಇಲ್ಲದಂತೆ ಹಬ್ಬುತ್ತದೆ. ಇಂಥದ್ದನ್ನು ನೇಮವಿಲ್ಲದೆ ಕಡಿಯುವುದಕ್ಕಿಂತ ಕಡಿಯದಿರುವುದೇ ಲೇಸು. ಬೇರುಸಮೇತ ಕಿತ್ತವರಿಗೆ ಕಟ್ಟಿಗೆ ಪುಕ್ಕಟೆ, ಬೇವು ಕರಿಜಾಲಿಗಳನ್ನು ಮುಟ್ಟಕೂಡದು, ಮಾರಾಟಕ್ಕೆ ಒಯ್ಯಕೂಡದು ಎಂದು ಒಂದು ಚೀಟಿ ಬರೆದುಕೊಟ್ಟರೆ ಸಾಕು, ಊರಿಗೆ ಉರುವಲೂ ಸಿಗುತ್ತದೆ, ಮಾಳವೂ ಬಯಲಾಗುತ್ತದೆ. ಆ ಚೀಟಿ ಬರೆಯುವ ಅಧಿಕಾರ ಯಾರಿಗೂ ಇಲ್ಲ, ಇದ್ದರೂ ಬರೆಯುವವರಿಲ್ಲ.

ಇದೇ ರಾಜ್ಯ 2019ರ ಒಂದೇ ಮಳೆಗಾಲದಲ್ಲಿ 33 ಕೋಟಿ ಸಸಿ ನೆಡುವ ಗುರಿ ಹಾಕಿಕೊಂಡಿತ್ತು. ಫೋಟೊ, ಬ್ಯಾನರುಗಳಿಗೆ ಕೊರತೆಯಿರಲಿಲ್ಲ. ಬದುಕಿದ ಗಿಡದ ಒಣಕೊಂಬೆ ಯಾರಿಗೆ ಸೇರಬೇಕೆಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ತನಗೆ ಕಡ್ಡಿಯೂ ದಕ್ಕದ ಗಿಡಕ್ಕೆ ಬೇಸಿಗೆಯಲ್ಲಿ ಯಾರು ನೀರು ಹೊರುತ್ತಾರೆ?

ಗಾಯರಾನವೇ ಕರಗುತ್ತಿರುವುದು ಇನ್ನೂ ದೊಡ್ಡ ಗಂಡಾಂತರ. ಊರಿನ ಸಾಮೂಹಿಕ ಜಮೀನಿನ ಒತ್ತುವರಿ ತೆಗೆಯಿಸಿ ಎಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. 2022ರಲ್ಲಿ ಮುಂಬಯಿ ಹೈಕೋರ್ಟ್ ಗಾಯರಾನದ ಒತ್ತುವರಿಯನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ನೋಟೀಸು ಮೊದಲು ಮುಟ್ಟುವುದು ಗುಡಿಸಲು ಹಾಕಿಕೊಂಡವನಿಗೆ. ಎಕರೆಗಟ್ಟಲೆ ಉಳುತ್ತಿರುವವನಿಗೆ ವಕೀಲರಿದ್ದಾರೆ. ಮುಖಂಡರ ಗಮನವೋ ಗಡಿಯ ಮೇಲೆ. ಅಕ್ಕಲಕೋಟ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಅಂದಿನಿಂದ ಎರಡೂ ಕಡೆಯವರು ಗಡಿಯ ಗೆರೆಗಾಗಿ ಗಂಟಲು ಹರಿದುಕೊಳ್ಳುತ್ತಿದ್ದಾರೆ. ಗೆರೆಯ ಒಳಗಿನ ಊರಮಾಳ ಯಾರ ಪಾಲಾಯಿತೆಂದು ಕನ್ನಡದ ಮುಖಂಡರೂ ಕೇಳಲಿಲ್ಲ, ಮರಾಠಿಯ ಮುಖಂಡರೂ ಕೇಳಲಿಲ್ಲ.

ನಿಸ್ತಾರ ಪತ್ರಕದ ಭಾಗವನ್ನು ವಿದರ್ಭದಾಚೆಗೂ ವಿಸ್ತರಿಸಬೇಕು. ಸೊಲ್ಲಾಪುರದ ಶಾಸಕರು ವಿಧಾನಸಭೆಯಲ್ಲಿ ಒಂದು ತಿದ್ದುಪಡಿ ತಂದರೆ ಆಗುವ ಕೆಲಸವಿದು, ಖಜಾನೆಗೆ ದೊಡ್ಡ ಹೊರೆಯೂ ಅಲ್ಲ. ಓದುಗರಿಗೂ ಒಂದು ಮಾತು: ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರ ಗಾಯರಾನದ ಗಟ್ ನಂಬರುಗಳನ್ನೂ ಪ್ರತಿಯೊಂದರ ಸಾತಬಾರಾ ಉತಾರೆಯನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿಸಿ, ಓದಿದ್ದನ್ನು ಠರಾವಿನಲ್ಲಿ ಬರೆಸಿ.