ಎಐ ಉತ್ತರಕ್ಕೂ ಒಂದು ಲೇಬಲ್ ಬೇಕು

ಕೀಟನಾಶಕದ ಡಬ್ಬಿ ನೋಡಿದ್ದೀರಲ್ಲ, ಅದರ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪಾದರೆ ಕಡು ವಿಷ, ಹಸಿರಾದರೆ ವಿಷ ಕಡಿಮೆ. ಓದು ಬಾರದವರಿಗೂ ತಿಳಿಯಲಿ ಎಂದು ಕಾನೂನೇ ಇದನ್ನು ಕಡ್ಡಾಯ ಮಾಡಿದೆ. ಆದರೆ ಯಾವ ಔಷಧಿ ಹೊಡೆಯಬೇಕು ಎಂದು ಫೋನಿನಲ್ಲಿ ಎಐ ಕೇಳಿದಾಗ ಬರುವ ಉತ್ತರಕ್ಕೆ ಇಂಥ ಗುರುತು ಇಲ್ಲ. ಅದೂ ಬೇಕು ಎನ್ನುವುದು ನನ್ನ ವಾದ.

ಪಿಎಂ-ಕಿಸಾನ್ ಬಗ್ಗೆ ರೈತರು ಕೇಳುವ ಪ್ರಶ್ನೆಗಳಿಗೆಂದು ಕೇಂದ್ರ ಸರ್ಕಾರ 2023ರಲ್ಲೇ ಕಿಸಾನ್ ಇ-ಮಿತ್ರ ಎಂಬ ಚಾಟ್‌ಬಾಟ್ ತಂದಿತು. ಈಗ ಎಐ ಏಜೆಂಟ್‌ಗಳು ಬಂದಿವೆ. ನಮ್ಮ ಪ್ರಶ್ನೆಗೆ ಏನು ಬೇಕು ಎಂದು ತಾವೇ ತೀರ್ಮಾನಿಸಿ, ಹುಡುಕಿ, ಉತ್ತರ ಕೊಡುವ ತಂತ್ರಾಂಶಗಳಿವು. ಇವುಗಳ ಕೈಗೆ ಒಂದು ಮಾಹಿತಿ ಭಂಡಾರವನ್ನೂ ಅದರಲ್ಲಿ ಹುಡುಕುವ ಒಂದು ಸಾಧನವನ್ನೂ ಕೊಟ್ಟಿರುತ್ತಾರೆ. ಭಂಡಾರದಲ್ಲಿ ಏನಿದೆ, ಯಾವಾಗ ಹುಡುಕಬೇಕು, ಯಾವ ಪದ ಹಾಕಬೇಕು ಎಂಬುದನ್ನು ಏಜೆಂಟ್ ತಿಳಿಯುವುದು ತಯಾರಕರು ಬರೆದಿಟ್ಟ ಕೆಲವೇ ಸಾಲುಗಳ ವಿವರಣೆಯಿಂದ.

ಪಂಚಾಯಿತಿ ಗ್ರಂಥಾಲಯಕ್ಕೆ ಹೊಸದಾಗಿ ಬಂದ ಹುಡುಗನನ್ನು ನೆನೆಸಿಕೊಳ್ಳಿ. “ಕೃಷಿ ಪುಸ್ತಕ ಮೂರನೇ ಕಪಾಟಿನಲ್ಲಿವೆ, ಎಲ್ಲವೂ 2010ಕ್ಕಿಂತ ಹಳೆಯವು, ಔಷಧಿ ವಿಷಯ ಕೇಳಿದರೆ ಕೃಷಿ ಅಧಿಕಾರಿ ಹತ್ತಿರ ಕಳಿಸು” ಎಂದು ಹೇಳಿಕೊಟ್ಟರೆ ಅವನು ಸರಿಯಾಗಿ ನಡೆದುಕೊಳ್ಳುತ್ತಾನೆ. “ಅಲ್ಲಿ ಪುಸ್ತಕ ಇವೆ” ಎಂದಷ್ಟೇ ಹೇಳಿದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ. ಏಜೆಂಟ್ ಕಥೆಯೂ ಇದೇ.

ಕೊಳೆರೋಗವನ್ನೇ ತೆಗೆದುಕೊಳ್ಳಿ. ಅಡಿಕೆಗೆ ಬರುವ ಕೊಳೆಯನ್ನು ಮಲೆನಾಡಿನವರು ಕೊಳೆರೋಗ ಎನ್ನುತ್ತಾರೆ, ಕರಾವಳಿಯಲ್ಲಿ ಅದು ಮಹಾಳಿ. ಇತ್ತ ಕಾಫಿಗೂ ಕೊಳೆರೋಗ ಎಂಬ ಹೆಸರಿನ ರೋಗವಿದೆ, ಅದನ್ನು ತರುವ ಶಿಲೀಂಧ್ರವೇ ಬೇರೆ. “ರೋಗದ ಹೆಸರಿನ ಜೊತೆ ಬೆಳೆಯ ಹೆಸರನ್ನೂ ಹಾಕಿ ಹುಡುಕು, ಮಹಾಳಿ ಎಂದರೂ ಅಡಿಕೆ ಕೊಳೆಯೇ” ಎಂದು ವಿವರಣೆಯಲ್ಲಿ ಬರೆಯಲು ಒಂದು ಸಾಲು ಸಾಕು. ಆ ಸಾಲು ಇಲ್ಲದಿದ್ದರೆ ಪುತ್ತೂರಿನ ಅಡಿಕೆ ಬೆಳೆಗಾರನಿಗೆ ಉತ್ತರವೇ ಸಿಗದೆ ಹೋಗಬಹುದು, ಇಲ್ಲವೇ ಕಾಫಿ ತೋಟದ ಉತ್ತರ ಸಿಗಬಹುದು.

ಇನ್ನು ವರ್ಷದ ಮಾತು. ಹಳೆಯ ಕೃಷಿ ಪುಸ್ತಿಕೆಗಳಲ್ಲಿ ತೊಗರಿ ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಹೊಡೆಯಿರಿ ಎಂದಿರುತ್ತಿತ್ತು. ಅದೇ ವಿಷದ ನೋವನ್ನು ಕೊಕ್ಕಡದ ಸುತ್ತಲಿನ ಮನೆಗಳು ಇನ್ನೂ ಉಣ್ಣುತ್ತಿವೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಷೇಧಿಸಿತು. ಆದರೆ ಸ್ಕ್ಯಾನ್ ಮಾಡಿ ಭಂಡಾರಕ್ಕೆ ಸೇರಿಸಿದ ಹಳೆಯ ಪುಸ್ತಿಕೆಗೆ ನಿಷೇಧದ ಸುದ್ದಿ ಗೊತ್ತಿರುವುದಿಲ್ಲ.

ಯೋಜನೆಗಳಲ್ಲೂ ಹೀಗೆಯೇ. 2019ರ ಫೆಬ್ರುವರಿಯಲ್ಲಿ ಶುರುವಾದಾಗ ಪಿಎಂ-ಕಿಸಾನ್ ಇದ್ದದ್ದು 2 ಹೆಕ್ಟೇರ್‌ವರೆಗೆ ಜಮೀನಿದ್ದವರಿಗೆ ಮಾತ್ರ. ಅದೇ ವರ್ಷ ಆ ಮಿತಿ ತೆಗೆದರು. ಮೊದಲ ಸುತ್ತೋಲೆಯಷ್ಟೇ ಏಜೆಂಟ್ ಕಣ್ಣಿಗೆ ಬಿದ್ದರೆ, ಆರು ಎಕರೆಯ ರೈತನಿಗೆ “ನಿಮಗೆ ಬರುವುದಿಲ್ಲ” ಎಂದುಬಿಡುತ್ತದೆ. ಅವನು ಅದನ್ನು ನಂಬಿ ಅರ್ಜಿಯನ್ನೇ ಹಾಕುವುದಿಲ್ಲ.

“ಇದೆಲ್ಲ ಎಂಜಿನಿಯರ್‌ಗಳ ಕೆಲಸ, ಹಳ್ಳಿಯವರಿಗೆ ಏಕೆ?” ಎಂದು ಕೆಲವರು ಕೇಳುತ್ತಾರೆ. ಹುಡುಕುವ ಯಂತ್ರ ಕಟ್ಟುವುದು ಅವರ ಕೆಲಸ, ಒಪ್ಪೋಣ. ಆದರೆ ಯಾವ ಊರಿನಲ್ಲಿ ಯಾವ ರೋಗಕ್ಕೆ ಏನೆನ್ನುತ್ತಾರೆ, ಯಾವ ಆದೇಶ ಬದಲಾಗಿದೆ, ಯಾವ ಔಷಧಿ ಅಂಗಡಿಯಿಂದ ಹೋಗಿದೆ ಎಂಬುದು ಗೊತ್ತಿರುವುದು ರೈತರಿಗೆ, ರೈತ ಸಂಪರ್ಕ ಕೇಂದ್ರದ ಸಿಬ್ಬಂದಿಗೆ, ಆಶಾ ಕಾರ್ಯಕರ್ತೆಯರಿಗೆ. ವಿವರಣೆ ಬರೆಯುವಾಗ ಇವರನ್ನು ಕೂರಿಸಿಕೊಳ್ಳಬೇಕು.

ಆ ವಿವರಣೆಯಲ್ಲಿ ನಾಲ್ಕು ಸಂಗತಿ ಇರಲೇಬೇಕು. ಭಂಡಾರದಲ್ಲಿ ಯಾರ ದಾಖಲೆಗಳಿವೆ. ಅವು ಯಾವ ವರ್ಷದವರೆಗಿನವು. ಯಾವ ಜಿಲ್ಲೆ, ಯಾವ ಬೆಳೆ, ಯಾವ ಯೋಜನೆ ಅದರಲ್ಲಿ ಇಲ್ಲ. ಹುಡುಕಿದ್ದು ಸಿಗದಿದ್ದರೆ ಊಹಿಸದೆ “ಗೊತ್ತಿಲ್ಲ, ಇಂಥವರನ್ನು ಕೇಳಿ” ಎನ್ನಬೇಕು. ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಎಐ ತಪ್ಪನ್ನೂ ಸರಿಯಷ್ಟೇ ಧೈರ್ಯವಾಗಿ ಹೇಳುತ್ತದೆ.

ಸರ್ಕಾರದ ದುಡ್ಡಿನಲ್ಲಿ ನಡೆಯುವ ಚಾಟ್‌ಬಾಟ್ ಆದರೆ ಈ ವಿವರಣೆಯನ್ನು ಕನ್ನಡದಲ್ಲೇ ಎಲ್ಲರೂ ಓದುವಂತೆ ಪ್ರಕಟಿಸಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಯಾರೂ ಕೇಳುವ ಮೊದಲೇ ಸರ್ಕಾರಿ ಕಚೇರಿಗಳು ಮಾಹಿತಿ ಪ್ರಕಟಿಸಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು ಎನ್ನುತ್ತದೆ. ಹಾಗಾಗಿ ಇದು ಹೊಸ ಬೇಡಿಕೆಯೇನಲ್ಲ.

ಅಲ್ಲಿಯವರೆಗೆ ಎಐ ಸಲಹೆ ಕೊಟ್ಟಾಗಲೆಲ್ಲ ಕೇಳಿ: ಇದು ಯಾವ ದಾಖಲೆಯಲ್ಲಿದೆ? ಯಾವ ವರ್ಷದ್ದು? ನೇರ ಉತ್ತರ ಬರದಿದ್ದರೆ ಪಂಪು ಬೆನ್ನಿಗೇರಿಸುವ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಉತ್ತರ ಬಂದರೂ ಡಬ್ಬಿಯ ಮೇಲಿನ ಗುರುತನ್ನು ಒಮ್ಮೆ ನೋಡಿಕೊಳ್ಳಿ.