ಹದಿನೈದು ದಿನದಲ್ಲಿ ಎಸ್‌ಕ್ಯೂಎಲ್, ಜೊತೆಗೆ ತಾಳೆ ನೋಡೋ ಅಭ್ಯಾಸ

“ಆಫರ್ ಲೆಟರ್ ಬಂದಿದೆ. ಸೇರೋಕೆ ಹದಿನೈದು ದಿನ ಇದೆ. ಕೆಲಸದ ವಿವರದಲ್ಲಿ ‘ಎಸ್‌ಕ್ಯೂಎಲ್ ಗೊತ್ತಿರಬೇಕು’ ಅಂತಿದೆ. ನಾನು ಬಿ.ಕಾಂ. ಓದಿದವಳು, ಎಕ್ಸೆಲ್ ಚೆನ್ನಾಗಿ ಬರುತ್ತೆ. ಇಷ್ಟು ಕಡಿಮೆ ದಿನದಲ್ಲಿ ಕಲಿಯೋಕೆ ಆಗುತ್ತಾ?” ಈ ಅಂಕಣಕ್ಕೆ ಬರೋ ಪ್ರಶ್ನೆಗಳಲ್ಲಿ ಇಂಥದ್ದು ಒಂದಾದರೂ ಇದ್ದೇ ಇರುತ್ತೆ.

ಉತ್ತರ ಮೊದಲೇ ಹೇಳಿಬಿಡ್ತೀನಿ: ಆಗುತ್ತೆ. ಎಸ್‌ಕ್ಯೂಎಲ್‌ನ ವ್ಯಾಕರಣ ತುಂಬ ಚಿಕ್ಕದು. ಕಷ್ಟ ಇರೋದು ಬೇರೆ ಕಡೆ. ಕ್ವೆರಿಯಲ್ಲಿ ಕಾಗುಣಿತ ತಪ್ಪಿದರೆ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಬೈಯುತ್ತೆ. ಯೋಚನೆ ತಪ್ಪಿದರೆ ಏನೂ ಹೇಳಲ್ಲ, ಸುಮ್ಮನೆ ಒಂದು ಸಂಖ್ಯೆ ಕೊಡುತ್ತೆ. ಸರಿ ಸಂಖ್ಯೆಗೂ ತಪ್ಪು ಸಂಖ್ಯೆಗೂ ಪರದೆ ಮೇಲೆ ಒಂದೇ ಮುಖ. ಆ ಸಂಖ್ಯೆ ಮೀಟಿಂಗ್‌ಗೆ ಹೋಗುತ್ತೆ. ಅದನ್ನು ನಂಬಿ ಯಾರದೋ ಇನ್ಸೆಂಟಿವ್ ಕಡಿತ ಆಗಬಹುದು, ಒಂದು ಶಾಖೆಯನ್ನೇ ಮುಚ್ಚೋ ಮಾತು ಬರಬಹುದು. ಹಾಗಾಗಿ ಈ ಹದಿನೈದು ದಿನದಲ್ಲಿ ಕ್ವೆರಿ ಬರೆಯೋದರ ಜೊತೆಗೆ, ಬಂದ ಉತ್ತರವನ್ನು ತಾಳೆ ನೋಡೋದನ್ನೂ ಕಲಿಯಬೇಕು. ಬಿ.ಕಾಂ. ಓದಿದವರಿಗೆ ಈ ಪದ ಹೊಸದೇನಲ್ಲ.

ಇದನ್ನು ಮಾಡಿದ್ದೇ ನಿಮ್ಮಂಥವರಿಗೆ

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಎಂಬ ವಿಜ್ಞಾನಿ, ಮಾಹಿತಿಯನ್ನು ಸಾಲು ಮತ್ತು ಕಾಲಂ ಇರೋ ಕೋಷ್ಟಕಗಳಲ್ಲಿ ಇಡೋ ಕ್ರಮವನ್ನು ಮುಂದಿಟ್ಟರು. 1974ರಲ್ಲಿ ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಆ ಕೋಷ್ಟಕಗಳನ್ನು ಪ್ರಶ್ನೆ ಕೇಳೋ ಒಂದು ಭಾಷೆ ರೂಪಿಸಿ ‘ಸೀಕ್ವೆಲ್’ ಅಂತ ಕರೆದರು. ಟ್ರೇಡ್‌ಮಾರ್ಕ್ ತಕರಾರಿನಿಂದ ಹೆಸರು ಎಸ್‌ಕ್ಯೂಎಲ್ ಆಯಿತು. ಕಂಪ್ಯೂಟರ್ ತಜ್ಞರಲ್ಲದ ಅಕೌಂಟೆಂಟ್‌ಗಳು, ಎಂಜಿನಿಯರ್‌ಗಳು ಕೂಡ ಬಳಸಬೇಕು ಅನ್ನೋದು ಅವರ ಉದ್ದೇಶವೇ ಆಗಿತ್ತು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಇದಕ್ಕೆ ಒಂದು ಸ್ಟ್ಯಾಂಡರ್ಡ್ ಗೊತ್ತುಮಾಡಿತು. ಇದರಿಂದ ನಿಮಗೇನು ಲಾಭ ಅಂದರೆ, ಆಫೀಸಿನಲ್ಲಿ ಒರಾಕಲ್ ಇರಲಿ, ಮೈಎಸ್‌ಕ್ಯೂಎಲ್ ಇರಲಿ, ಪೋಸ್ಟ್‌ಗ್ರೆಸ್ ಇರಲಿ, ಒಂದರಲ್ಲಿ ಕಲಿತದ್ದು ಸಣ್ಣಪುಟ್ಟ ಬದಲಾವಣೆಯೊಂದಿಗೆ ಇನ್ನೊಂದರಲ್ಲೂ ನಡೆಯುತ್ತೆ.

ಮೊದಲ ಐದು ದಿನ: ಕನ್ನಡದಲ್ಲಿ ಯೋಚಿಸಿ

ಲ್ಯಾಪ್‌ಟಾಪ್‌ನಲ್ಲಿ ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಹಾಕಿಕೊಳ್ಳಿ. ಉಚಿತ, ಸರ್ವರ್ ಗಿರ್ವರ್ ಏನೂ ಬೇಡ. ಎಸ್‌ಕ್ಯೂಲೈಟ್ ಅಂದರೆ ಆಟಿಕೆ ಅಂದುಕೊಳ್ಳಬೇಡಿ. ಈಗ ನೀವು ಕೈಯಲ್ಲಿ ಹಿಡಿದಿರೋ ಫೋನಿನ ಒಳಗೂ ಕೆಲಸ ಮಾಡ್ತಿರೋದು ಅದೇ.

ಉದಾಹರಣೆಗೆ ಒಂದು ದರ್ಶಿನಿ ತಗೊಳ್ಳೋಣ. ಜಯನಗರ, ವಿಜಯನಗರ, ಹೀಗೆ ಎರಡು ಶಾಖೆ. ‘ಬಿಲ್’ ಅನ್ನೋ ಟೇಬಲ್‌ನಲ್ಲಿ (ಕೂತು ತಿನ್ನೋ ಟೇಬಲ್ ಅಲ್ಲ!) ಬಿಲ್ ನಂಬರ್, ತಾರೀಖು, ಶಾಖೆ, ಮೊತ್ತ ಇವೆ. ಮಾಲೀಕರ ಪ್ರಶ್ನೆ: ಜಯನಗರದಲ್ಲಿ ಯಾವ್ಯಾವ ದಿನ ವ್ಯಾಪಾರ 50,000 ದಾಟಿದೆ?

ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ: “ಬಿಲ್ ಟೇಬಲ್‌ನಿಂದ, ಜಯನಗರದ ಬಿಲ್‌ಗಳನ್ನಷ್ಟೇ ತಗೊಂಡು, ದಿನದ ಪ್ರಕಾರ ಗುಂಪು ಮಾಡಿ, 50,000 ದಾಟಿದ ಗುಂಪುಗಳನ್ನು ಉಳಿಸಿ, ತಾರೀಖು ಮತ್ತು ಒಟ್ಟು ಮೊತ್ತವನ್ನು ತೋರಿಸು.” ಇದೇ ಸಾಲನ್ನು ಎಸ್‌ಕ್ಯೂಎಲ್ ಪದಗಳಲ್ಲಿ ಹೇಳಿದರೆ: ಫ್ರಮ್, ವೇರ್, ಗ್ರೂಪ್ ಬೈ, ಹ್ಯಾವಿಂಗ್, ಸೆಲೆಕ್ಟ್. ಆಮೇಲೆ ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನೋಕೆ ಆರ್ಡರ್ ಬೈ, ಎಷ್ಟು ಸಾಲು ಸಾಕು ಅನ್ನೋಕೆ ಲಿಮಿಟ್.

ಗಮನಿಸಿದ್ರಾ? ಬರೆಯುವಾಗ ಇಂಗ್ಲಿಷಿನಂತೆ ಸೆಲೆಕ್ಟ್ ಮೊದಲು ಬರುತ್ತೆ. ಆದರೆ ಕ್ವೆರಿಯ ಅರ್ಥ ಬಿಚ್ಚಿಕೊಳ್ಳೋದು ನಮ್ಮ ಕನ್ನಡದ ಕ್ರಮದಲ್ಲೇ. ಎಲ್ಲಿಂದ, ಯಾವುದನ್ನು ಅನ್ನೋದು ಮೊದಲು, ಕ್ರಿಯಾಪದ ಕೊನೆಗೆ. ಇದು ಹೊಳೆದರೆ ಅರ್ಧ ಗೊಂದಲ ಕಮ್ಮಿ. ವೇರ್ ಮತ್ತು ಹ್ಯಾವಿಂಗ್ ವ್ಯತ್ಯಾಸವೂ ತಾನಾಗೇ ತಿಳಿಯುತ್ತೆ: ಗುಂಪು ಮಾಡೋ ಮೊದಲು ಸಾಲುಗಳನ್ನು ಸೋಸೋದು ವೇರ್, ಗುಂಪಾದ ಮೇಲೆ ಸೋಸೋದು ಹ್ಯಾವಿಂಗ್. ಸೆಲೆಕ್ಟ್‌ನಲ್ಲಿ ಇಟ್ಟ ಹೊಸ ಹೆಸರನ್ನು ವೇರ್‌ನಲ್ಲಿ ಬಳಸಿದರೆ ಸಾಮಾನ್ಯವಾಗಿ ಎರರ್ ಬರೋದೂ ಇದಕ್ಕೇ. ವೇರ್ ನಡೆಯೋ ಹೊತ್ತಿಗೆ ಆ ಹೆಸರು ಇನ್ನೂ ಹುಟ್ಟಿರಲ್ಲ.

ಈ ಐದು ದಿನ ದಿನಕ್ಕೆ ಒಂದು ಗಂಟೆ, ಹತ್ತು ಪ್ರಶ್ನೆ. ಮೊದಲು ಕನ್ನಡದಲ್ಲಿ ಒಂದು ಸಾಲು, ಆಮೇಲೆ ಕ್ವೆರಿ. ವಿಡಿಯೊ ನೋಡಿದ್ದು ಲೆಕ್ಕಕ್ಕಿಲ್ಲ, ಕೈಯಿಂದ ಟೈಪ್ ಮಾಡಿದ್ದಷ್ಟೇ ಲೆಕ್ಕ.

ಮುಂದಿನ ಐದು ದಿನ: ಸದ್ದಿಲ್ಲದೆ ತಪ್ಪೋ ಜಾಗಗಳು

ದರ್ಶಿನಿಗೆ ‘ಐಟಂ’ ಅನ್ನೋ ಇನ್ನೊಂದು ಟೇಬಲ್ ಇದೆ. ಬಿಲ್ ನಂಬರ್ 101ರಲ್ಲಿ ಇಡ್ಲಿ 50, ವಡೆ 45, ಕಾಫಿ 25. ಒಟ್ಟು 120 ರೂಪಾಯಿ. ಬಿಲ್ ಟೇಬಲ್‌ನಲ್ಲಿ ಇದಕ್ಕೆ ಒಂದೇ ಸಾಲು, ಐಟಂ ಟೇಬಲ್‌ನಲ್ಲಿ ಮೂರು ಸಾಲು. ಎರಡನ್ನೂ ಬಿಲ್ ನಂಬರ್ ಮೇಲೆ ಜಾಯಿನ್ ಮಾಡಿದರೆ ಮೂರು ಸಾಲು ಬರುತ್ತೆ, ಪ್ರತಿ ಸಾಲಿನಲ್ಲೂ 120 ಕೂತಿರುತ್ತೆ. ಈಗ ಬಿಲ್ ಮೊತ್ತವನ್ನು ಕೂಡಿಸಿ. 360! ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಒಂದು ಕಾಫಿ ಮಾತ್ರ ಕುಡಿದವರ ಬಿಲ್ ಸರಿಯಾಗಿರುತ್ತೆ, ಹೊಟ್ಟೆ ತುಂಬ ತಿಂದವರ ಬಿಲ್ ಉಬ್ಬಿರುತ್ತೆ. ಹಾಗಾಗಿ ಒಟ್ಟು ಮೊತ್ತ ನೋಡಿದ ತಕ್ಷಣ ಅನುಮಾನ ಬರಲ್ಲ, ‘ಈ ತಿಂಗಳು ಒಳ್ಳೆ ವ್ಯಾಪಾರ’ ಅನ್ನಿಸುತ್ತೆ ಅಷ್ಟೇ.

ಮದ್ದು ಸುಲಭ. ಪ್ರತಿ ಜಾಯಿನ್‌ಗೆ ಮುಂಚೆ ಕೇಳಿಕೊಳ್ಳಿ: ಈ ಟೇಬಲ್‌ನಲ್ಲಿ ಒಂದು ಸಾಲು ಅಂದರೆ ಏನು? ಒಂದು ಬಿಲ್ಲೋ, ಒಂದು ತಿಂಡಿಯೋ, ಒಬ್ಬ ಗ್ರಾಹಕನೋ? ಜಾಯಿನ್ ಮುಂಚೆ ಮತ್ತು ಆಮೇಲೆ ಸಾಲುಗಳನ್ನು ಎಣಿಸಿ. ಹೆಚ್ಚಾಗಿದ್ದರೆ ಯಾಕೆ ಅಂತ ಗೊತ್ತಾಗೋವರೆಗೂ ಮುಂದೆ ಹೋಗಬೇಡಿ.

ಎರಡನೇ ಜಾಗ ‘ನಲ್’, ಅಂದರೆ ಖಾಲಿ ಬಿಟ್ಟ ಜಾಗ. ಹತ್ತು ಬಿಲ್‌ಗಳಲ್ಲಿ ನಾಲ್ಕು ಜನ ಮಾತ್ರ ಸ್ಟಾರ್ ಕೊಟ್ಟಿದ್ದಾರೆ, ಅದರಲ್ಲಿ ಒಬ್ಬರು 5 ಸ್ಟಾರ್ ಅಂದುಕೊಳ್ಳಿ. ‘5 ಸ್ಟಾರ್ ಕೊಡದವರು ಎಷ್ಟು?’ ಅಂತ ವೇರ್‌ನಲ್ಲಿ ‘5ಕ್ಕೆ ಸಮ ಅಲ್ಲ’ ಅಂತ ಬರೆದರೆ ಉತ್ತರ 3. ನೀವು ನಿರೀಕ್ಷಿಸಿದ್ದು 9 ಇರಬಹುದು. ನಲ್ ಅಂದರೆ ಸೊನ್ನೆ ಅಲ್ಲ, ‘ಗೊತ್ತಿಲ್ಲ’ ಅಂತ. ಗೊತ್ತಿಲ್ಲದ್ದು 5ಕ್ಕೆ ಸಮವೋ ಅಲ್ಲವೋ ಅಂತ ಕೇಳಿದರೆ ಉತ್ತರವೂ ‘ಗೊತ್ತಿಲ್ಲ’. ಆ ಸಾಲು ಹೊರಗುಳಿಯುತ್ತೆ. ಸರಾಸರಿ ತೆಗೆದರೂ ಹತ್ತು ಜನರದ್ದಲ್ಲ, ನಾಲ್ಕು ಜನರದ್ದೇ. ಖಾಲಿ ಇರೋದನ್ನೂ ಸೇರಿಸಬೇಕಾದರೆ ‘ಈಸ್ ನಲ್’ ಅಂತ ಬೇರೆ ಕೇಳಬೇಕು.

ಮೂರನೆಯದು, ಇಲ್ಲದ್ದನ್ನು ಹುಡುಕೋದು. ‘ಇವತ್ತು ಮೆನುವಿನಲ್ಲಿ ಯಾವುದು ಒಂದೂ ಹೋಗಿಲ್ಲ?’ ಮೆನುವನ್ನೂ ಐಟಂ ಟೇಬಲನ್ನೂ ಸಾದಾ ಜಾಯಿನ್ ಮಾಡಿದರೆ ಮಾರಾಟವಾಗದ ತಿಂಡಿ ಪಟ್ಟಿಯಿಂದಲೇ ಮಾಯ. ಅದಕ್ಕೇ ಲೆಫ್ಟ್ ಜಾಯಿನ್ ಇರೋದು: ಮೆನುವಿನ ಎಲ್ಲ ಸಾಲೂ ಉಳಿಯುತ್ತೆ, ಮಾರಾಟ ಇಲ್ಲದ ಕಡೆ ನಲ್ ಬರುತ್ತೆ. ಆದರೆ ‘ಇವತ್ತಿನ ತಾರೀಖು’ ಅನ್ನೋ ಷರತ್ತನ್ನು ವೇರ್‌ನಲ್ಲಿ ಹಾಕಿದಿರೋ, ಆ ನಲ್ ಸಾಲುಗಳು ಮತ್ತೆ ಸೋಸಿಹೋಗುತ್ತವೆ. ಆ ಷರತ್ತು ಜಾಯಿನ್‌ನ ‘ಆನ್’ ಭಾಗದಲ್ಲೇ ಇರಬೇಕು.

ನಾಲ್ಕನೆಯದು ತಾರೀಖು. ಕಾಲಂನಲ್ಲಿ ತಾರೀಖಿನ ಜೊತೆ ಗಂಟೆಯೂ ಇದ್ದಾಗ ‘ಬಿಟ್ವೀನ್ 1ರಿಂದ 31’ ಅಂತ ಬರೆದರೆ, 31ನೇ ತಾರೀಖಿನ ಇಡೀ ದಿನದ ವ್ಯಾಪಾರ ಬಿಟ್ಟುಹೋಗುತ್ತೆ. ಬರೀ 31 ಅಂದರೆ ಆ ದಿನದ ಮಧ್ಯರಾತ್ರಿ 12 ಗಂಟೆ ಅಂತಲೇ ಲೆಕ್ಕ. ‘1ನೇ ತಾರೀಖು ಅಥವಾ ಆಮೇಲೆ, ಮುಂದಿನ ತಿಂಗಳ 1ಕ್ಕಿಂತ ಮುಂಚೆ’ ಅಂತ ಬರೆಯೋದನ್ನು ರೂಢಿ ಮಾಡಿಕೊಳ್ಳಿ.

ಕೊನೆಯ ಐದು ದಿನ: ನಿಮ್ಮದೇ ಪಾಸ್‌ಬುಕ್

ಅಭ್ಯಾಸಕ್ಕೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ಗಿಂತ ಒಳ್ಳೆಯ ಡೇಟಾ ಇಲ್ಲ. ಆರು ತಿಂಗಳದ್ದು ಡೌನ್‌ಲೋಡ್ ಮಾಡಿ, ಎಕ್ಸೆಲ್‌ನಲ್ಲಿ ತೆರೆದು, ಮೇಲಿನ ವಿಳಾಸ, ಶೀರ್ಷಿಕೆ ತೆಗೆದು, ಸಿಎಸ್‌ವಿ ಆಗಿ ಉಳಿಸಿ, ಡಿಬಿ ಬ್ರೌಸರ್‌ಗೆ ಇಂಪೋರ್ಟ್ ಮಾಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರಲಿ, ಯಾವ ಆನ್‌ಲೈನ್ ಟೂಲ್‌ಗೂ ಹಾಕೋದು ಬೇಡ.

ಇಲ್ಲಿ ನಿಜವಾದ ಡೇಟಾದ ರಗಳೆ ಗೊತ್ತಾಗುತ್ತೆ. ಮೊತ್ತ 1,25,000 ಅಂತ ಕಾಮಾ ಸಮೇತ ಬಂದರೆ ಎಸ್‌ಕ್ಯೂಲೈಟ್ ಅದನ್ನು ಅಕ್ಷರ ಅಂತ ತಗೊಂಡು, ಕೂಡಿಸುವಾಗ ಕಾಮಾ ತನಕ ಓದಿ ಬರೀ 1 ರೂಪಾಯಿ ಸೇರಿಸುತ್ತೆ. ತಾರೀಖು 15/01/2025 ಥರ ಇದ್ದರೆ ಕ್ರಮವೇ ಕೆಡುತ್ತೆ, ಮಾರ್ಚ್ 2 ಜನವರಿ 15ಕ್ಕಿಂತ ಮುಂಚೆ ಬರುತ್ತೆ. 2025-01-15 ಅಂತ ಬದಲಿಸಿಕೊಳ್ಳಿ.

ಆಮೇಲೆ ಪ್ರಶ್ನೆ ಕೇಳಿ. ಯಾವ ತಿಂಗಳು ಖರ್ಚು ಜಾಸ್ತಿ? ಯುಪಿಐನಲ್ಲಿ 100 ರೂಪಾಯಿಗಿಂತ ಕಮ್ಮಿ ಇರೋ ಪಾವತಿ ಎಷ್ಟು? ಹೊರಗಡೆ ತಿಂಡಿಗೆ ಹೋದದ್ದೆಷ್ಟು? ಉತ್ತರ ಅಂದಾಜಾಗಿ ನಿಮಗೆ ಗೊತ್ತು. ಹಾಗಾಗಿ ಕ್ವೆರಿ ಸುಳ್ಳು ಹೇಳಿದರೆ ಹಿಡಿದುಬಿಡ್ತೀರಿ. ಕೊನೆಗೊಂದು ಪರೀಕ್ಷೆ: ಆರಂಭದ ಬಾಕಿಗೆ ಜಮಾ ಕೂಡಿಸಿ, ಖರ್ಚು ಕಳೆದರೆ ಕೊನೆಯ ಬಾಕಿ ಪೈಸೆ ಸಮೇತ ಬರಬೇಕು. ಬರಲಿಲ್ಲವೋ, ಎಲ್ಲಿ ತಪ್ಪಿತು ಅಂತ ಹುಡುಕಿ. ಆ ಹುಡುಕಾಟದ ಒಂದು ಸಂಜೆ ಹತ್ತು ವಿಡಿಯೊಗೆ ಸಮ.

ಸೇರಿದ ಮೊದಲ ವಾರ

ಆಫೀಸಿನ ಟೇಬಲ್‌ಗಳನ್ನು ಯಾವ ಕೋರ್ಸೂ ಹೇಳಿಕೊಡಲ್ಲ. ಕೇಳಿಯೇ ತಿಳಿಯಬೇಕು, ಮೊದಲ ವಾರ ಕೇಳಿದರೆ ಯಾರೂ ಏನೂ ಅಂದುಕೊಳ್ಳಲ್ಲ. ಒಂದು ನೋಟ್‌ಬುಕ್‌ನಲ್ಲಿ ಈ ನಾಲ್ಕಕ್ಕೆ ಉತ್ತರ ಬರೆದಿಟ್ಟುಕೊಳ್ಳಿ.

ಒಂದು, ಮುಖ್ಯ ಟೇಬಲ್‌ಗಳಲ್ಲಿ ಒಂದು ಸಾಲು ಅಂದರೆ ಏನು? ಎರಡು, ಕ್ಯಾನ್ಸಲ್ ಆದದ್ದು, ರಿಫಂಡ್ ಆದದ್ದು, ಟೆಸ್ಟಿಂಗ್‌ಗೆ ಹಾಕಿದ್ದು ಎಲ್ಲ ಅಲ್ಲೇ ಇದೆಯಾ? ಅವನ್ನು ಗುರುತಿಸೋದು ಹೇಗೆ? ಮೂರು, ಸಮಯ ನಮ್ಮದೋ ಯುಟಿಸಿಯೋ? ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಯುಟಿಸಿಯಲ್ಲಿದ್ದರೆ ನಮ್ಮ ರಾತ್ರಿ 12ರಿಂದ ಬೆಳಗಿನ 5.30ರ ತನಕದ್ದೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಹೋಗಿರುತ್ತೆ. ನಾಲ್ಕು, ಎಲ್ಲರೂ ಒಪ್ಪೋ ಒಂದು ಸಂಖ್ಯೆ ಯಾವುದು, ಉದಾಹರಣೆಗೆ ಹೋದ ತಿಂಗಳ ಒಟ್ಟು ಮಾರಾಟ? ನಿಮ್ಮ ಕ್ವೆರಿಯಿಂದ ಮೊದಲು ಅದನ್ನು ತೆಗೆದು ತೋರಿಸಿ. ಅದು ಬಂದರೆ ಮಾತ್ರ ಹೊಸ ಪ್ರಶ್ನೆಗೆ ಹೋಗಿ.

ಅಪ್‌ಡೇಟ್, ಡಿಲೀಟ್ ಅಧಿಕಾರ ಕೊಟ್ಟರೆ ಸದ್ಯಕ್ಕೆ ಬೇಡ, ಓದೋ ಅನುಮತಿ ಸಾಕು ಅನ್ನಿ. ಮಾಡಲೇಬೇಕಾದರೆ, ಅದೇ ವೇರ್ ಇಟ್ಟು ಮೊದಲು ಸೆಲೆಕ್ಟ್ ಓಡಿಸಿ ಎಷ್ಟು ಸಾಲು ಬರುತ್ತೆ ನೋಡಿ. ವೇರ್ ಇಲ್ಲದ ಡಿಲೀಟ್ ಇಡೀ ಟೇಬಲನ್ನೇ ಗುಡಿಸಿಹಾಕುತ್ತೆ.

‘ಎಐ ಕೇಳಿದರೆ ಕ್ವೆರಿ ಬರೆದುಕೊಡುತ್ತಲ್ಲ?’ ಅಂತ ನೀವು ಕೇಳಬಹುದು. ಬರೆದುಕೊಡುತ್ತೆ, ಚೆನ್ನಾಗೇ. ಆದರೆ ನಿಮ್ಮ ಆಫೀಸಿನಲ್ಲಿ ಕ್ಯಾನ್ಸಲ್ ಆದ ಬಿಲ್ಲೂ ಅದೇ ಟೇಬಲ್‌ನಲ್ಲಿದೆ ಅನ್ನೋದು ನೀವು ಹೇಳದೆ ಅದಕ್ಕೆ ಗೊತ್ತಾಗಲ್ಲ. 360 ಬಂದಾಗ ‘ಇದು 120 ಇರಬೇಕಲ್ಲ’ ಅನ್ನಬೇಕಾದವರು ನೀವೇ. ಇನ್ನು ಕಂಪನಿಯ ಡೇಟಾವನ್ನು ಅನುಮತಿ ಇಲ್ಲದೆ ಅದಕ್ಕೆ ಪೇಸ್ಟ್ ಮಾಡಿದರೆ ಕೆಲಸಕ್ಕೇ ಕುತ್ತು.

ಹೊಸ ಮ್ಯಾನೇಜರ್ ಹತ್ತಿರ ನಿಮ್ಮ ಮಟ್ಟವನ್ನು ಇದ್ದ ಹಾಗೇ ಹೇಳಿ: “ಬೇಸಿಕ್ ಕ್ವೆರಿ, ಜಾಯಿನ್, ಗ್ರೂಪ್ ಬೈ ಬರುತ್ತೆ ಸರ್, ಇಲ್ಲಿನ ಟೇಬಲ್‌ಗಳು ಹೊಸದು, ಮೊದಲ ಕೆಲವು ರಿಪೋರ್ಟ್ ಯಾರಾದರೂ ಒಮ್ಮೆ ನೋಡಲಿ.” ಮೊದಲ ರಿಪೋರ್ಟ್ ಕಳಿಸುವಾಗ ಸಂಖ್ಯೆಯ ಕೆಳಗೆ ಮೂರು ಸಾಲು ಸೇರಿಸಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏನನ್ನು ಬಿಟ್ಟಿದ್ದೀರಿ, ಯಾವ ಸಂಖ್ಯೆಯ ಜೊತೆ ತಾಳೆ ನೋಡಿದ್ದೀರಿ. ಅದನ್ನು ಓದಿದವರು ತಪ್ಪಿದ್ದರೆ ಅಲ್ಲೇ ಹೇಳ್ತಾರೆ. ಆ ಸಂಖ್ಯೆ ಇನ್ನೊಬ್ಬರ ಸಂಬಳದ ತನಕ ಹೋಗೋ ಮುಂಚೆ ಸರಿ ಮಾಡಿಬಿಡಬಹುದು.