ಪಶ್ಚಿಮ ಬೆಂಗಳೂರು ಮತ್ತು ಮೋಟಾರ್ ನ್ಯೂರಾನ್ ಕಾಯಿಲೆ: ‘ಲಕ್ಷಕ್ಕೆ ನಾಲ್ವರು’ ಎಂಬ ಅಂಕಿಯ ಅರ್ಥ

(ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

ಪೀಠಿಕೆ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ ಹಾಗೂ ಕೆಂಗೇರಿ ಭಾಗಗಳಿಂದ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿ ಕೋರುವ ಕುಟುಂಬಗಳ ಪೈಕಿ ಮೋಟಾರ್ ನ್ಯೂರಾನ್ ಕಾಯಿಲೆಗೆ ತುತ್ತಾದವರ ಕುಟುಂಬಗಳೂ ಇರಬಹುದು. ಅಂತಹವರಿಗೆ ಸಹಜವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಒಂದು, ಈ ಕಾಯಿಲೆ ನಮ್ಮ ಭಾಗದಲ್ಲಿ ಎಷ್ಟು ಮಂದಿಗೆ ಇದೆ? ಎರಡು, ಪಟ್ಟಿಯಲ್ಲಿ ಇದರ ಹೆಸರೇ ಇಲ್ಲವಲ್ಲ, ಅರ್ಜಿ ಸಲ್ಲಿಸಬಹುದೇ? ಈ ಎರಡೂ ಪ್ರಶ್ನೆಗಳು ಪರಸ್ಪರ ಸಂಬಂಧ ಹೊಂದಿವೆ. ಎಣಿಕೆಗೆ ಸಿಗದ ಕಾಯಿಲೆ ಪಟ್ಟಿಗೂ ಸುಲಭವಾಗಿ ಸೇರುವುದಿಲ್ಲ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಕಾಯಿಲೆಯ ಸ್ವರೂಪ

ಮಿದುಳು ಮತ್ತು ಬೆನ್ನುಹುರಿಯಲ್ಲಿದ್ದು ಸ್ನಾಯುಗಳಿಗೆ ಚಲನೆಯ ಆಜ್ಞೆ ನೀಡುವ ನರಕೋಶಗಳು ಕ್ರಮೇಣ ನಶಿಸುವುದೇ ಮೋಟಾರ್ ನ್ಯೂರಾನ್ ಕಾಯಿಲೆ. ಇದರ ಮುಖ್ಯ ಬಗೆಗೆ ಎ.ಎಲ್.ಎಸ್. ಎಂದು ಹೆಸರು. ಅಂಗಿಯ ಗುಂಡಿ ಹಾಕಲಾಗದಿರುವುದು, ನಡೆಯುವಾಗ ಪಾದ ಎಳೆಯುವುದು, ಮಾತು ತೊದಲುವುದು ಇದರ ಆರಂಭಿಕ ಲಕ್ಷಣಗಳು. ಮುಂದೆ ನುಂಗುವುದು ಹಾಗೂ ಉಸಿರಾಡುವುದು ಕಷ್ಟವಾಗುತ್ತದೆ. ಸ್ಪರ್ಶಜ್ಞಾನ ಸಾಮಾನ್ಯವಾಗಿ ಉಳಿದಿರುತ್ತದೆ. ಇದು ಅಂಟುರೋಗವಲ್ಲ. ಬಹುಪಾಲು ಪ್ರಕರಣಗಳು ವಂಶಪಾರಂಪರ್ಯವೂ ಅಲ್ಲ. ಇದನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧ ಇಲ್ಲ. ರಿಲುಜೋಲ್ ಎಂಬ ಔಷಧವು ಕಾಯಿಲೆಯ ಗತಿಯನ್ನು ಅಲ್ಪ ಮಟ್ಟಿಗೆ ನಿಧಾನಗೊಳಿಸುತ್ತದೆ.

ಲಭ್ಯವಿರುವ ಅಂಕಿ-ಅಂಶಗಳು

1. ಗೌರಿಬಿದನೂರು ಸಮೀಕ್ಷೆ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರಿನಲ್ಲಿ ಸಮುದಾಯ ಸಮೀಕ್ಷೆ ನಡೆಸಿ, ಅದರ ಫಲಿತಾಂಶವನ್ನು 1987ರಲ್ಲಿ ಪ್ರಕಟಿಸಿದರು. ಒಳಪಟ್ಟ ಜನಸಂಖ್ಯೆ ಸುಮಾರು 57 ಸಾವಿರ. ಮೋಟಾರ್ ನ್ಯೂರಾನ್ ಕಾಯಿಲೆಯ ಪ್ರಮಾಣ ಲಕ್ಷಕ್ಕೆ 4 ಎಂದು ಕಂಡುಬಂದಿತು.

2. ಬೆಂಗಳೂರು ಸಮೀಕ್ಷೆ: ಅದೇ ಸಂಸ್ಥೆಯ ತಜ್ಞರು ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶಗಳ 1,02,557 ಜನರನ್ನು ಒಳಗೊಂಡು ನಡೆಸಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಎಲ್ಲ ಬಗೆಯ ನರರೋಗಗಳನ್ನು ಸೇರಿಸಿ ಗ್ರಾಮೀಣ ಭಾಗದಲ್ಲಿ ಲಕ್ಷಕ್ಕೆ 4,070, ನಗರ ಭಾಗದಲ್ಲಿ 2,190 ಮಂದಿ ಕಂಡುಬಂದರು.

3. ಆಸ್ಪತ್ರೆಯ ದಾಖಲೆ: ನಿಮ್ಹಾನ್ಸ್‌ನಲ್ಲಿ 30 ವರ್ಷಗಳ ಅವಧಿಯಲ್ಲಿ ದಾಖಲಾದ 1,153 ಎ.ಎಲ್.ಎಸ್. ರೋಗಿಗಳ ವಿಶ್ಲೇಷಣೆ 2008ರಲ್ಲಿ ಪ್ರಕಟವಾಯಿತು. ಕಾಯಿಲೆ ಆರಂಭವಾದ ಸರಾಸರಿ ವಯಸ್ಸು ಸುಮಾರು 46 ವರ್ಷ.

ಅಂಕಿಗಳನ್ನು ಓದುವ ಬಗೆ

ಲಕ್ಷಕ್ಕೆ ನಾಲ್ಕು ಎಂಬ ದರವನ್ನು 57 ಸಾವಿರ ಜನಸಂಖ್ಯೆಗೆ ಇಳಿಸಿದರೆ ಅದು ಸುಮಾರು ಇಬ್ಬರು ವ್ಯಕ್ತಿಗಳಿಗೆ ಸಮನಾಗುತ್ತದೆ. ಅಂದರೆ ಇನ್ನೊಬ್ಬರು ಪತ್ತೆಯಾಗಿದ್ದರೂ, ಒಬ್ಬರು ಕೈತಪ್ಪಿದ್ದರೂ ದರವು ಗಣನೀಯವಾಗಿ ಬದಲಾಗುತ್ತಿತ್ತು. ಆದ್ದರಿಂದ ಸದರಿ ಅಂಕಿಯನ್ನು ಅಂದಾಜಿನ ಅಳತೆಗೋಲೆಂದು ತಿಳಿಯಬೇಕೇ ಹೊರತು ನಿಖರ ಲೆಕ್ಕವೆಂದು ಭಾವಿಸಬಾರದು. ಇದೇ ದರವನ್ನು ಅನ್ವಯಿಸಿದರೆ 10 ಲಕ್ಷ ಜನವಸತಿಯ ಪ್ರದೇಶದಲ್ಲಿ ಸುಮಾರು 40 ಮಂದಿ, 2011ರ ಜನಗಣತಿಯಂತೆ 96 ಲಕ್ಷ ಜನಸಂಖ್ಯೆಯ ಬೆಂಗಳೂರು ನಗರ ಜಿಲ್ಲೆಯಲ್ಲಿ 380ಕ್ಕೂ ಹೆಚ್ಚು ಮಂದಿ ಆಗುತ್ತಾರೆ. 35 ಸಾವಿರ ಜನರಿರುವ ಒಂದು ಬಡಾವಣೆಯಲ್ಲಿ ಒಬ್ಬರು ಅಥವಾ ಇಬ್ಬರು ಇರಬಹುದು, ಯಾರೂ ಇಲ್ಲದಿರಲೂಬಹುದು. ಒಂದೇ ರಸ್ತೆಯಲ್ಲಿ ಇಬ್ಬರು ಕಂಡುಬಂದ ಮಾತ್ರಕ್ಕೆ ಆ ಭಾಗದಲ್ಲಿ ಕಾಯಿಲೆ ಹೆಚ್ಚಿದೆ ಎಂದು ತೀರ್ಮಾನಿಸುವುದು ಸರಿಯಲ್ಲ.

ನಗರದ ದರ ಯಾವುದು, ಗ್ರಾಮದ ದರ ಯಾವುದು ಎಂಬ ವಿಂಗಡಣೆಯೂ ಸರಳವಲ್ಲ. ಕೆಂಗೇರಿಯು 2007ರವರೆಗೆ ಪ್ರತ್ಯೇಕ ಪುರಸಭೆಯಾಗಿತ್ತು. ಇಂದು ಅಲ್ಲಿ ಹಳೆಯ ಗ್ರಾಮಗಳ ನಿವಾಸಿಗಳೂ ಹೊಸ ಬಡಾವಣೆಗಳ ನಿವಾಸಿಗಳೂ ಅಕ್ಕಪಕ್ಕದಲ್ಲಿ ವಾಸಿಸುತ್ತಿದ್ದಾರೆ.

ಆಸ್ಪತ್ರೆಯ 1,153 ಎಂಬ ಸಂಖ್ಯೆಯಿಂದ ಜನಸಂಖ್ಯೆಯ ದರವನ್ನು ಲೆಕ್ಕ ಹಾಕಲಾಗದು. ಆ ಸಂಸ್ಥೆಗೆ ಹಲವು ಜಿಲ್ಲೆಗಳಿಂದಲೂ ನೆರೆ ರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ಕೈ ಬಲಹೀನತೆಯನ್ನು ಕುತ್ತಿಗೆಯ ಮೂಳೆ ಸವೆತವೆಂದು ಭಾವಿಸಿ ಕಾಲ ಕಳೆದವರು ಅಲ್ಲಿಗೆ ತಲುಪಿರದಿರಬಹುದು.

ದರವು ಲೆಕ್ಕಪುಸ್ತಕದ ಅಂತಿಮ ಶಿಲ್ಕಿನಂತೆ. ಹೊಸದಾಗಿ ಸೇರುವವರ ಸಂಖ್ಯೆಯಷ್ಟೇ, ಕಾಯಿಲೆಯೊಂದಿಗೆ ಎಷ್ಟು ಕಾಲ ಬದುಕುತ್ತಾರೆ ಎಂಬುದೂ ಅದನ್ನು ನಿರ್ಧರಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಈ ಅವಧಿ ಸಾಮಾನ್ಯವಾಗಿ 2ರಿಂದ 5 ವರ್ಷ. 2008ರ ಮೇಲ್ಕಂಡ ವಿಶ್ಲೇಷಣೆಯಲ್ಲಿ ಬದುಕುಳಿದ ಮಧ್ಯಮ ಅವಧಿ ಸುಮಾರು 115 ತಿಂಗಳು. 46ನೇ ವಯಸ್ಸಿನಲ್ಲಿ ದುಡಿಯುವ ವ್ಯಕ್ತಿ ಕಾಯಿಲೆಗೆ ಬಿದ್ದರೆ, ಅವರ ಕುಟುಂಬಕ್ಕೆ ಹಲವು ವರ್ಷಗಳ ಆರೈಕೆಯ ಹೊಣೆ ಬರುತ್ತದೆ.

ಯಾವುದನ್ನು ಈ ಹೆಸರಿನಡಿ ಎಣಿಸಲಾಗುತ್ತದೆ ಎಂಬುದೂ ಮುಖ್ಯ. ಯುವಕರ ಒಂದೇ ಕೈ ಅಥವಾ ಕಾಲು ಸೊರಗಿ ಕೆಲವು ವರ್ಷಗಳ ನಂತರ ಸ್ಥಿರಗೊಳ್ಳುವ ಸ್ಥಿತಿಯನ್ನು 1984ರಲ್ಲಿ ಡಾ. ಗೌರಿದೇವಿ ಮತ್ತು ಸಹೋದ್ಯೋಗಿಗಳು ‘ಮಾನೋಮೆಲಿಕ್ ಅಮಯೋಟ್ರಫಿ’ ಎಂದು ವಿವರಿಸಿದರು. ಇದರ ಮುನ್ನೋಟ ಎ.ಎಲ್.ಎಸ್.ಗಿಂತ ಬಹಳ ಉತ್ತಮ. ಆದ್ದರಿಂದ ತಜ್ಞರಿಂದ ಖಚಿತ ರೋಗನಿರ್ಣಯವಾಗುವ ಮುನ್ನ ಗಾಬರಿಗೊಳ್ಳುವುದು ಬೇಡ.

ಪಟ್ಟಿ ಮತ್ತು ಹಕ್ಕು

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ವಿಧದ ವೈಕಲ್ಯಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆಯ ಹೆಸರಿಲ್ಲ. ಆದರೆ ಸ್ನಾಯು-ಅಸ್ಥಿ ವ್ಯವಸ್ಥೆ ಅಥವಾ ನರಮಂಡಲದ ತೊಂದರೆಯಿಂದ ಚಲನೆ ಸಾಧ್ಯವಾಗದಿರುವುದನ್ನು ಚಲನವೈಕಲ್ಯವೆಂದು ಅಧಿನಿಯಮವೇ ವಿವರಿಸಿದೆ. ದೀರ್ಘಕಾಲಿಕ ನರರೋಗಗಳ ಅಡಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹಾಗೂ ಪಾರ್ಕಿನ್ಸನ್ಸ್ ಕಾಯಿಲೆಗಳನ್ನು ‘ಮುಂತಾದ’ ಎಂಬ ಅರ್ಥದಲ್ಲಿ ಹೆಸರಿಸಲಾಗಿದೆ. ಆದುದರಿಂದ ಹೆಸರಿಲ್ಲವೆಂಬ ಕಾರಣಕ್ಕೆ ಅರ್ಜಿ ಸಲ್ಲಿಸದೆ ಇರಬೇಕಾಗಿಲ್ಲ.

ಹೆಸರಿಲ್ಲದಿರುವುದರಿಂದ ತೊಂದರೆ ಇಲ್ಲವೆಂದೂ ಅಲ್ಲ. 2024-25ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ಮಾಸಿಕ 1,000 ರೂಪಾಯಿ ಭತ್ಯೆ ಘೋಷಿಸಲಾಯಿತು. ಆ ಘೋಷಣೆಯಲ್ಲಿ ಮೋಟಾರ್ ನ್ಯೂರಾನ್ ಕಾಯಿಲೆಯ ಹೆಸರಿರಲಿಲ್ಲ. ಅಮೆರಿಕದಲ್ಲಿ 2 ಲಕ್ಷಕ್ಕಿಂತ ಕಡಿಮೆ ಜನರಿಗೆ, ಯುರೋಪಿನಲ್ಲಿ 10,000ಕ್ಕೆ 5 ಮೀರದಂತೆ ಇರುವ ಕಾಯಿಲೆಯನ್ನು ವಿರಳವೆನ್ನುತ್ತಾರೆ. 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯು ಸಾಕಷ್ಟು ದತ್ತಾಂಶ ಇಲ್ಲದ ಕಾರಣ ಭಾರತಕ್ಕೆ ಇಂತಹ ಸಂಖ್ಯಾಮಿತಿಯನ್ನು ನಿಗದಿಪಡಿಸಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ‘ಕೈಕಾಲು ಬಲಹೀನತೆ’ ಎಂದಷ್ಟೇ ಬರೆಸದೆ, ಪ್ರಮಾಣಪತ್ರದ ರೋಗನಿರ್ಣಯದ ಅಂಕಣದಲ್ಲಿ ಕಾಯಿಲೆಯ ಪೂರ್ಣ ಹೆಸರನ್ನು ನಮೂದಿಸುವಂತೆ ವೈದ್ಯಾಧಿಕಾರಿಗಳನ್ನು ಕೋರುವುದು.
2. ನರರೋಗ ತಜ್ಞರ ವರದಿ ಹಾಗೂ ನರ-ಸ್ನಾಯು ಪರೀಕ್ಷೆಯ ವರದಿಗಳನ್ನು ಅರ್ಜಿಯೊಂದಿಗೆ ಲಗತ್ತಿಸುವುದು.
3. ಕಾಯಿಲೆ ಉಲ್ಬಣಿಸುವ ಸ್ವರೂಪದ್ದಾಗಿರುವುದರಿಂದ ಇಂದಿನ ಶೇಕಡಾವಾರು ಪ್ರಮಾಣ ಮುಂದಿನ ವರ್ಷಕ್ಕೆ ಹೊಂದದಿರಬಹುದು. ತೊಂದರೆ ಹೆಚ್ಚಿದಾಗ ಮರುಪರಿಶೀಲನೆ ಕೋರುವುದು.
4. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವು ಅನೇಕ ಸೌಲಭ್ಯಗಳಿಗೆ ಅರ್ಹತೆಯ ಮಿತಿಯಾಗಿದೆ. ಪ್ರಮಾಣೀಕರಿಸುವ ಪ್ರಾಧಿಕಾರದ ನಿರ್ಣಯದಿಂದ ಬಾಧಿತರಾದವರು ಅಧಿನಿಯಮದ ಪ್ರಕರಣ 59ರ ಅಡಿಯಲ್ಲಿ ಮೇಲ್ಮನವಿ ಸಲ್ಲಿಸಬಹುದು.
5. ಕೈಯಿಂದ ಸಹಿ ಮಾಡಲಾಗದ ಹಂತ ಬರುವ ಮುನ್ನವೇ ಬ್ಯಾಂಕ್ ಖಾತೆ, ನಾಮನಿರ್ದೇಶನ ಮುಂತಾದ ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು ಸೂಕ್ತ.

ಉಪಸಂಹಾರ

ಲಕ್ಷಕ್ಕೆ ನಾಲ್ವರು ಎಂದರೆ ಅಲ್ಪಸಂಖ್ಯೆ. ಆದರೆ ಆ ನಾಲ್ವರ ಮನೆಗಳಿಗೆ ಅದು ಪೂರ್ಣಸಂಖ್ಯೆ. ಸಮೀಕ್ಷೆಗಳು ಹಲವು ವರ್ಷಗಳಿಗೊಮ್ಮೆ ನಡೆಯುತ್ತವೆ. ಪ್ರಮಾಣಪತ್ರಗಳು ಮಾತ್ರ ನಿತ್ಯವೂ ವಿತರಣೆಯಾಗುತ್ತವೆ. ಕಾಯಿಲೆಯ ಹೆಸರು ಸರಿಯಾಗಿ ನಮೂದಾದ ಪ್ರತಿಯೊಂದು ಪ್ರಮಾಣಪತ್ರವೂ ಅರ್ಜಿದಾರರ ಹಕ್ಕನ್ನು ದೃಢಪಡಿಸುವುದರ ಜೊತೆಗೆ ಮುಂದಿನ ಪಟ್ಟಿಗಳಿಗೆ ಆಧಾರವಾಗಬಲ್ಲ ದಾಖಲೆಯೂ ಆಗುತ್ತದೆ. ಆದ್ದರಿಂದ ಅರ್ಹ ಕುಟುಂಬಗಳು ತಡಮಾಡದೆ ಅರ್ಜಿ ಸಲ್ಲಿಸಬೇಕೆಂದು ಕೋರಲಾಗಿದೆ.